ಮೂರನೇ ಮನೆಯ ಹೆಸರು

ನಮ್ಮೂರಿನಲ್ಲಿ ಕೆಲಸ ಮುಗಿಸುವವರ ಕಣ್ಣು ಯಾವಾಗಲೂ ನೆಲದ ಮೇಲೇ ಇರುತ್ತದೆ. ಬೇರೆ ಊರಿನವರು ನೋಡಿದರೆ ಇವರೇನೋ ಕಳಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳಬೇಕು. ಕಳಕೊಂಡದ್ದೇನೂ ಇಲ್ಲ, ಮಣಿ ಉದುರಿತೇ ಅಂತ ನೋಡುವುದು, ಅಷ್ಟೆ. ಕಣದಲ್ಲಿ ರಾಗಿ ತೂರಿ ಕಡೇ ಮೊರ ಕೊಡವಿದಾಗ, ಗೂಡೆ ಹೆಣೆದು ಕಡೇ ಕಡ್ಡಿ ಸಿಕ್ಕಿಸಿದಾಗ, ಬಾಣಂತಿಗೆ ನೀರು ಹುಯ್ದು ಚೊಂಬು ಬೋರಲು ಹಾಕಿದಾಗ, ಒಂದೊಂದು ಸಲ ಟಕ್ ಅಂತ ಒಂದು ಮಣಿ ಕಾಲ ಬಳಿ ಬೀಳುತ್ತದೆ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಅರ್ಧಂಬರ್ಧ ಮಾಡಿದ ಕೆಲಸಕ್ಕೆ ಬಿದ್ದದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಬಿದ್ದ ಮಣಿ ಕೊನೆಗೈ ಯಾರದೋ ಅವರದು. ಅದಕ್ಕೇ ನಮ್ಮಲ್ಲಿ ಮನೆಗೆ ಬಂದ ನೆಂಟರಿಗೆ ಉಪಚಾರ ಅಂದರೆ ಬರೀ ಊಟ ಬಡಿಸುವುದಲ್ಲ, ಮಾಡುತ್ತಿದ್ದ ಕೆಲಸದ ಕಡೇ ಏಟನ್ನು ಅವರ ಕೈಗೆ ಬಿಡುವುದು. "ಬನ್ನಿ ಬೀಗರೆ, ಈ ಕೊರಡು ಒಂದು ನೀವೇ ಸೀಳ್ಬುಡಿ" ಅಂತ ಕೊಡಲಿ ಕೊಟ್ಟರೆ ಅದು ಬೆಳ್ಳಿ ತಟ್ಟೆಯಲ್ಲಿ ಕೊಟ್ಟ ಮರ್ಯಾದೆ. ಹೊಸ ಸೊಸೆ ಬಂದ ದಿನ ಕಡೇ ರೊಟ್ಟಿ ತಟ್ಟುವವಳು ಅವಳೇ. ಜಗಳವಾಡಿದವರು ರಾಜಿಯಾಗಬೇಕಾದರೂ ಅಷ್ಟೆ, ಒಬ್ಬರ ಹೊಲದ ಬೇಲಿಗೆ ಇನ್ನೊಬ್ಬರು ಕಡೇ ಗೂಟ ಹೊಡೆಯುತ್ತಾರೆ.

ನಮ್ಮೂರಿನ ಯಾವ ಹತಾರವೇ ಆಗಲಿ, ಅದರಲ್ಲಿ ಒಂದು ಕುಳಿ ಇದ್ದೇ ಇರುತ್ತದೆ. ಕುಡುಗೋಲಿನ ಹಿಡಿಯಲ್ಲಿ, ಒನಕೆಯ ನಡುವಿನಲ್ಲಿ, ಹಾಲಿನ ಗಡಿಗೆಯ ಕಂಠದಲ್ಲಿ. ಮಣಿಯನ್ನು ಅರಗು ಹಾಕಿ ಆ ಕುಳಿಯಲ್ಲಿ ಕೂರಿಸುತ್ತಾರೆ. ಕೆಂಪು ಮಣಿ ಕೂತ ಕುಡುಗೋಲು ಮಸೆಯದೆ ಸುಗ್ಗಿ ದಾಟಿಸುತ್ತದೆ. ಹಸಿರು ಮಣಿ ಕೂತ ಗಡಿಗೆಯಲ್ಲಿ ಹಾಲು ಹುಳಿಯಾಗದು. ನೀಲಿ ಮಣಿ ಹಗುರದ್ದು, ಅದು ಕೂತ ಒನಕೆಯನ್ನು ಮೊನ್ನೆ ಜ್ವರ ಬಿಟ್ಟು ಎದ್ದವರೂ ಎತ್ತಿ ಕುಟ್ಟಬಹುದು. ಬೀಳುವಾಗ ಎಲ್ಲವೂ ಜೋಳದಷ್ಟೇ ಇರುತ್ತವೆ, ಕಾಳುಮಣಿ ಅನ್ನುತ್ತೇವೆ. ಅದರ ಶಕ್ತಿ ಅಷ್ಟಕ್ಕಷ್ಟೆ. ದೊಡ್ಡ ಕೆಲಸಕ್ಕೆ ಮಣಿ ಕೂಡಿಸಬೇಕು.

ಕೂಡಿಸುವುದಕ್ಕೆ ಕಾವಿಗೆ ಕೂತ ಕೋಳಿ ಬೇಕು. ಒಂದೇ ಬಣ್ಣದ ಮೂರು ಕಾಳುಮಣಿಗಳನ್ನು ಮೊಟ್ಟೆಗಳ ನಡುವೆ ಇಟ್ಟರೆ ಮರಿ ಒಡೆಯುವ ಹೊತ್ತಿಗೆ ಹುಣಸೆಬೀಜದಷ್ಟು ಒಂದೇ ಮಣಿಯಾಗಿರುತ್ತದೆ. ಅದು ಬೀಜಮಣಿ. ಮೂರು ಬೀಜಮಣಿ ಕೂಡಿದರೆ ಕಾಯಿಮಣಿ. ಕಾಯಿಮಣಿ ಇರುವುದು ಊರಿಗೆಲ್ಲ ಒಂದೇ, ಕೆರೆಯ ತೂಬಿನಲ್ಲಿ. ಆದರೆ ಕೂಡಿಸುವ ಮೂರು ಮಣಿಗಳು ಮೂರು ಮನೆಯವಾಗಿರಬೇಕು. ಒಂದೇ ಮನೆಯವನ್ನಿಟ್ಟರೆ ಕೋಳಿ ಎದ್ದು ಹೋಗುತ್ತದೆ. ಮೇಗಲಕೇರಿಯ ಸಾಹುಕಾರನೊಬ್ಬ ಯಾರ ಹಂಗೂ ಬೇಡವೆಂದು ತನ್ನವೇ ಮೂರು ಇಟ್ಟ. ಕೋಳಿ ಮಾಡು ಹತ್ತಿ ಕೂತು ಇಳಿಯಲೇ ಇಲ್ಲ. ಮೊಟ್ಟೆ ಕೆಟ್ಟಿತು, ಮಣಿ ಪುಡಿಯಾಯಿತು, ಅವನಿಗೆ 'ಕೋಳಿ ಎಬ್ಬಿಸಿದೋನು' ಅಂತ ಹೆಸರಾಯಿತು. ಹೀಗಾಗಿ ನಮ್ಮಲ್ಲಿ ಎಷ್ಟು ಉಳ್ಳವರಾದರೂ ಇಬ್ಬರ ಬಾಗಿಲಿಗೆ ಹೋಗಿ ಕೈ ಚಾಚಲೇಬೇಕು. ಕೊಟ್ಟ ಮಣಿ ತಿರುಗಿ ಬರುವುದಿಲ್ಲ. ತಿರುಗಿ ಬರುವುದು ಹೆಸರು. ಕೂಡಿದ ಮಣಿಯ ಹತಾರವನ್ನು ದಿನಾ ಬೆಳಿಗ್ಗೆ ಕೈಗೆ ತೆಗೆದುಕೊಳ್ಳುವಾಗ ಮಣಿ ಕೊಟ್ಟ ಮನೆಗಳ ಹೆಸರು ಕೂಗಬೇಕು. ಕೂಗದಿದ್ದರೆ ಆವತ್ತು ಮಣಿ ಬೂದಿ ಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ಕೊಟ್ಟವರು ಕಿವಿಗೆ ಬೀಳುವಷ್ಟು ಹತ್ತಿರವಿದ್ದರೆ "ನಡೀಲಿ" ಅನ್ನುತ್ತಾರೆ. ನಮ್ಮೂರಿನ ಬೆಳಗು ಅಂದರೆ ಇದೇ, ಬೀದಿಯುದ್ದಕ್ಕೂ ಹೆಸರುಗಳು, ಜಗಲಿ ಜಗಲಿಯಿಂದ "ನಡೀಲಿ, ನಡೀಲಿ." ತೂಬಿನ ಮಣಿಗೆ ಹೆಸರು ಕೂಗುವಷ್ಟರಲ್ಲಿ ನೀರು ಬಿಡುವ ನೀರುಗಂಟಿಯ ಗಂಟಲೇ ಒಣಗುತ್ತದೆ.

ನಮ್ಮದು ಎಣ್ಣೆಗಾಣ. ನನ್ನ ಅಪ್ಪಯ್ಯ ಅಂದಾನಯ್ಯನಿಗೆ ಮಂಡಿನೋವು ಹಿಡಿದ ಮೇಲೆ ನಾನೇ ನಡೆಸುತ್ತಿದ್ದೇನೆ. ಮೊದಲು ನಮ್ಮ ಗಾಣಕ್ಕೆ ಎರಡು ಎತ್ತು ಕಟ್ಟಬೇಕಾಗಿತ್ತು. ಜೋಡಿಯಲ್ಲಿ ಒಂದು ಸತ್ತು, ಕೆಂದ ಒಬ್ಬನೇ ಉಳಿದ ವರ್ಷ ಅಪ್ಪಯ್ಯ ಮಣಿ ಕೂಡಿಸಿದ. ನಮ್ಮ ಮನೆಯದೊಂದು ನೀಲಿ ಮಣಿ ಇತ್ತು. ಕುಂಬಾರಗೇರಿಯ ಸಂಕಮ್ಮ ಒಂದು ಕೊಟ್ಟಳು, ಮಡಕೆ ಸುಟ್ಟ ಆವಿಗೆ ಬಿಚ್ಚಿ ಕಡೇದನ್ನು ಇಳಿಸಿದಾಗ ಬಿದ್ದದ್ದು. ಮೂರನೆಯದು ಗೋಡೆ ಕಟ್ಟುವ ಓಬಯ್ಯ ಕೊಟ್ಟದ್ದು. ಅದು ಬಿದ್ದದ್ದೂ ನಮ್ಮ ಮನೆಯಲ್ಲೇ, ಗಾಣದ ಕೊಟ್ಟಿಗೆಯ ಗೋಡೆ ಮುಗಿದ ದಿನ. "ಇಗಾ ಅಂದಾನಣ್ಣ, ನಿನ್ನ ಗೋಡೆ ಮಣಿ ನಿನ್ನ ಗಾಣಕ್ಕೇ ಇರ್ಲಿ" ಅಂತ ಅವನು ಅಂಗೈ ಬಿಚ್ಚಿದ್ದನ್ನೂ ಅಪ್ಪಯ್ಯ ಅವನನ್ನು ಅಪ್ಪಿಕೊಂಡದ್ದನ್ನೂ ನಾನೇ ನೋಡಿದ್ದೇನೆ. ಮೂರೂ ಕೂಡಿ ಬೀಜಮಣಿಯಾಗಿ ಗಾಣದ ತೊಲೆಯ ಕುಳಿಯಲ್ಲಿ ಕೂತಿತು. "ಮೊದಲ ದಿನ ವಸಿ ಮೊಂಡಾಟ ಮಾಡ್ತು ಕಣವ್ವ. ಹೆಸರು ಕೂಗಿದ್ರೂ ಏಳ್ನಿಲ್ಲ. ಆಮೇಲೆ ಅದೇ ಎದ್ದು ಕೂತ್ಕಂತು" ಅಂತ ಅಪ್ಪಯ್ಯ ಎಷ್ಟೋ ಸಲ ಹೇಳಿದ್ದ. ಅಲ್ಲಿಂದ ಕೆಂದ ಒಬ್ಬನೇ, ಮದುವೆಗೆ ಹೊರಟವನ ಹಾಗೆ ಕತ್ತು ಆಡಿಸಿಕೊಂಡು ಸುತ್ತುತ್ತಿದ್ದ.

ದಿನಾ ಬೆಳಿಗ್ಗೆ ನಾನು ತೊಲೆಯ ಮೇಲೆ ಕೈಯಿಟ್ಟು "ಸಂಕಮ್ಮನ ಮನೇದು! ಓಬಯ್ಯನ ಮನೇದು!" ಅನ್ನುವುದು. ಎದುರು ಜಗಲಿಯಿಂದ ಓಬಯ್ಯ ಹೊದಿಕೆಯೊಳಗಿಂದಲೇ "ನಡೀಲಿ" ಅನ್ನುವುದು. ಅದೇ ಹೊತ್ತಿಗೆ ಮಣ್ಣು ಹೊರುವ ದ್ಯಾವೀರಮ್ಮ ಪುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿರುವುದು. ಅವಳಿಗೊಂದು ಮೇಕೆ ಇತ್ತು. ಅದಕ್ಕೆಂದು ಅಪ್ಪಯ್ಯ ಒಂದು ಹಿಡಿ ಹಿಂಡಿಯನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡುತ್ತಿದ್ದ. ಮೇಕೆ ಸತ್ತು ಎಷ್ಟೋ ಕಾಲವಾಯಿತು. ಆದರೂ ಅವಳು ಬರುತ್ತಿದ್ದಳು, ಬಾಗಿಲಲ್ಲಿ ನಿಂತು ಎಲೆಯಡಿಕೆ ಮೆಲ್ಲುತ್ತಲೋ ಏನೋ ತುಟಿಯಾಡಿಸುತ್ತಿದ್ದಳು, ಕೆಂದ ಹೆಜ್ಜೆ ಕಿತ್ತ ಮೇಲೆ ಹಿಂಡಿಯನ್ನು ಮಡಿಲಿಗೆ ಹಾಕಿಕೊಂಡು ಹೋಗುತ್ತಿದ್ದಳು. ಬೇರೆಯವರ ಮೇಕೆಗೆ ಕೊಡುತ್ತಾಳೆ ಅಂತ ಕೇಳಿದ್ದೆ. ಬಾಗಿಲಿಗೆ ಚೌಕಟ್ಟು ಇದ್ದ ಹಾಗೆ ಅವಳಿದ್ದಳು.

ಒಂದು ಸಂತೆಯ ಮರುದಿನ ಬೆಳಿಗ್ಗೆ ಒರಳಿಗೆ ಹುಚ್ಚೆಳ್ಳು ಸುರಿದು, ಕೆಂದನಿಗೆ ಕಣ್ಣುಪಟ್ಟಿ ಕಟ್ಟಿ, ಹೆಸರು ಕೂಗಿದೆ. ಓಬಯ್ಯ "ನಡೀಲಿ" ಅಂದ. ಕೆಂದ ಹೆಜ್ಜೆ ಎತ್ತಿದವನು ಅಲ್ಲೇ ನಿಂತ. "ನಡಿಯಪ್ಪ" ಅಂದೆ. ಕತ್ತು ಮುಂದೆ ಚಾಚಿ ಎಳೆದ, ಗಾಣ ಕಿರ್ರೆಂದಿತು, ಅರ್ಧ ಸುತ್ತು ಬರುವಷ್ಟರಲ್ಲಿ ಅವನ ಪಕ್ಕೆಯೆಲ್ಲ ಬೆವರು. ಇನ್ನೊಂದು ಹೆಜ್ಜೆಗೆ ಮುಂಗಾಲು ಮಡಚಿ ಮಂಡಿಯೂರಿಬಿಟ್ಟ. ಓಡಿ ಹೋಗಿ ನೊಗ ಕಳಚಿದೆ. ತೊಲೆ ನೋಡುತ್ತೇನೆ, ಮಣಿ ಒಲೆಯಿಂದ ತೆಗೆದ ಬೂದಿಯ ಹಾಗಿದೆ.

ಅಪ್ಪಯ್ಯ ಗೋಡೆ ಹಿಡಿದು ಬಂದ. ತಾನೇ ಹೆಸರು ಕೂಗಿದ. ಎದುರಿನಿಂದ ಓಬಯ್ಯ ಮತ್ತೆ "ನಡೀಲಿ ಅಂದ್ನಲ್ಲಪ್ಪ!" ಅಂತ ರೇಗಿದ. ಮಣಿ ಕಣ್ಣು ಬಿಡಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಗೂಡಿನಲ್ಲಿಟ್ಟ ಹಿಂಡಿಗೆ ಇರುವೆ ಮುತ್ತಿತ್ತು. ಅದನ್ನು ಒರೆಸಿ ಹಾಕಿದೆ, ತಲೆ ಬೇರೆ ಕಡೆ ಇತ್ತು.

"ಮುದಿಯಾಗದೆ ಕಣವ್ವ ಮಣಿ. ನನ್ನಂಗೆ" ಅಂದ ಅಪ್ಪಯ್ಯ.

"ಮಣಿಗೂ ಮುಪ್ಪು ಬತ್ತದಾ ಅಪ್ಪಯ್ಯ? ತೂಬಿಂದು ನಿಮ್ಮಜ್ಜನ ಕಾಲದ್ದು."

"ಹಂಗಾರೆ ಇನ್ನೇನು? ಕೂಗೋದು ಕೂಗಿದ್ವಿ." ಕೆಂದನ ಮಂಡಿಗೆ ಎಣ್ಣೆ ಹಚ್ಚುತ್ತ ಕೂತವನು, "ಗಾಣ ನಿಲ್ಲಿಸ್ಬುಡಾನ" ಅಂದ.

ಗಾಣ ನಿಂತರೆ ಹಿಂಡಿ ಇಲ್ಲ. ಹಿಂಡಿ ಇಲ್ಲದೆ ಕೆಂದನನ್ನು ಸಾಕುವ ಮೇವು ನಮ್ಮಲ್ಲಿಲ್ಲ. ಗುಡ್ಡದಾಚೆಯಿಂದ ಗಾಡಿಯವರು ಬಂದು ಹೊಡೆದುಕೊಂಡು ಹೋಗುತ್ತಾರೆ. ಆ ಗುಡ್ಡ ದಾಟಿದ ಮುದಿ ಎತ್ತಿನ ಮಾತನ್ನು ಯಾರೂ ಎತ್ತುವುದಿಲ್ಲ. ಅವ್ವ ಹೋದ ಮೇಲೆ ಅಪ್ಪಯ್ಯ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಕೆಂದನೊಬ್ಬನ ಜೊತೆಯೇ. ಒಂದು ಕೈ ಎಣ್ಣೆಯಲ್ಲೂ ಒಂದು ಕೈ ಅವನ ಕತ್ತಿನ ಗಂಗೆದೊಗಲಿನ ಮೇಲೂ ಇತ್ತು. ನಾನು ಅಂದೆ: "ಹೊಸ ಮಣಿ ಕೂಡಿಸ್ತೀನಿ. ಅಲ್ಲೀಗಂಟ ಯಾರಿಗೂ ಹೇಳಿ ಕಳಿಸ್ಬ್ಯಾಡ."

ನನ್ನ ಹತ್ತಿರ ಒಂದು ನೀಲಿ ಕಾಳುಮಣಿ ಇತ್ತು. ಅವ್ವನ ಹಳೇ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿದು ಕಡೇ ದಾರ ಹಲ್ಲಲ್ಲಿ ಕಡಿದಾಗ ಬಿದ್ದದ್ದು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮೊದಲು ಸಂಕಮ್ಮತ್ತೆಯ ಮನೆಗೆ ಹೋದೆ. ಅವಳು ತಿರುಗುತ್ತಿದ್ದ ತಿಗರಿ ಬಿಟ್ಟು ಕೈ ತೊಳೆಯದೆಯೇ ಮೊಣಕೈಯಿಂದ ಕೂದಲು ಸರಿಸುತ್ತ, "ಬಂದ್ಯಾ? ಬರ್ತೀಯ ಅಂತ ಗೊತ್ತಿತ್ತು ಬುಡು. ಗಾಣದ ಸದ್ದಿಲ್ದೆ ನಮ್ಮ ಕತ್ತೇನೂ ಎದ್ದಿಲ್ಲ ಮೂರು ದಿನದಿಂದ" ಅಂದಳು.

"ಅತ್ತೆ, ಒಂದು ನೀಲಿ..."

"ಕೇಳೋಕೇನು ನಾಚಿಕೆ? ನಿಮ್ಮಪ್ಪ ಇಷ್ಟು ವರ್ಸದಿಂದ ಬೆಳ್ಗಾನೆದ್ದು ನನ್ನ ಹೆಸ್ರು ಕೂಗಿ ಕೂಗಿ ಒಂದಿನನಾದ್ರೂ ಬಿಸ್ಲೇರೋಗಂಟ ಮಲಗಕ್ಕೆ ಬುಟ್ಟಿದಾನಾ? ಈಗ ನಿಂತೋದ್ರೆ ನಾನು ಏಳಾದೆಂಗೆ?" ಒಳಗೆ ಹೋಗಿ ಅಕ್ಕಿ ಮಡಕೆಯಲ್ಲಿ ಕೈಯಾಡಿಸಿ ಒಂದು ನೀಲಿ ಮಣಿ ತಂದು ನನ್ನ ಅಂಗೈಗೆ ಹಾಕಿದಳು. ಅದಕ್ಕೆ ಎರಡು ಅಕ್ಕಿಕಾಳು ಅಂಟಿಕೊಂಡಿದ್ದವು. "ನೋಡು, ನಮ್ಮ ಕಪ್ಪು ಕೋಳಿ ನೆನ್ನೆ ತಾನೆ ಕಾವಿಗೆ ಕೂತದೆ. ಮೂರನೇದು ಬೇಗ ಹೊಂದಿಸ್ಕ. ಮೊಟ್ಟೆ ಬಲಿತ ಮ್ಯಾಲೆ ಇಟ್ರೆ ಕೂಡಲ್ಲ. ಕುಕ್ಕುತ್ತೆ, ಹುಷಾರು. ನನ್ನ ಗಂಡನ್ನೇ ಬುಟ್ಟಿಲ್ಲ ಅದು."

ನೀಲಿ ಸುಲಭಕ್ಕೆ ಸಿಗುವ ಬಣ್ಣವಲ್ಲ. ಬೀದಿಯಲ್ಲಿ ಕೇಳಿದೆ. ಕಮ್ಮಾರರ ಮನೆಯಲ್ಲಿ ಬರೀ ಕೆಂಪು. ಹಾಲಿನವರ ಮನೆಯಲ್ಲಿ ಹಸಿರು. ಎಲ್ಲರೂ ಡಬ್ಬಿ ಮಗುಚಿ ತೋರಿಸಿದರು, ಇಲ್ಲವೆಂದು ಬಾಯಲ್ಲಿ ಹೇಳಲು ಸಂಕೋಚಪಟ್ಟು ತಲೆ ಆಡಿಸಿದರು. ಒಬ್ಬಳು ಹಳದಿಯದನ್ನೇ ತಗೋ ಅಂತ ಬಲವಂತ ಮಾಡಿದಳು. ಬರಿಗೈಯಲ್ಲಿ ಕಳಿಸುವುದು ಅವಳಿಗೆ ಆಗುತ್ತಿರಲಿಲ್ಲ. ಕೊನೆಗೆ ಉಳಿದದ್ದು ನಮ್ಮ ಎದುರು ಮನೆಯೇ. ಓಬಯ್ಯನ ಬಳಿ ಇದೆ ಅಂತ ಗೊತ್ತಿತ್ತು. ಒಮ್ಮೆ ಕೊಟ್ಟವನನ್ನೇ ಮತ್ತೆ ಕೇಳುವುದು ಹೇಗೆ ಅಂತ ಹಿಂದೆಗೆದಿದ್ದೆ.

ಓಬಯ್ಯ ಜಗಲಿಯಲ್ಲಿ ಕೂತು ಗೋಡೆಯ ನೇರ ನೋಡುವ ತೂಕದ ಗುಂಡಿನ ದಾರ ಸುತ್ತುತ್ತಿದ್ದ. ಹೆಂಡತಿ ಮಾರಕ್ಕ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಅವನು, "ಕೊಡ್ತೀನಿ ಕಣವ್ವ ಚಿಕ್ತಾಯಿ, ಕೊಡ್ತೀನಿ. ಆದ್ರೆ ಹಳೇದು ಯಾಕೆ ಕೆಟ್ತು ಅಂತ ಹೇಳು. ಓಬಯ್ಯನ ಮಣಿ ಮುದಿಯಾಯ್ತು ಅಂತ ನಿಮ್ಮಪ್ಪ ಊರೆಲ್ಲ ಹೇಳ್ಕಂಡು ಬಂದ್ರೆ ನನ್ನ ಮರ್ವಾದಿ ಏನಾಗ್ಬೇಕು? ನಾನು ಕಟ್ಟಿದ ಗೋಡೆ ಬಿದ್ದದಾ? ಇಲ್ಲ. ಮಣಿ ಯಾಕೆ ಬೀಳ್ತದೆ?" ಅಂದ.

"ಅಪ್ಪಯ್ಯ ಮಂಡಿ ನೋವಲ್ಲಿ ಮನೆ ದಾಟಿಲ್ಲ, ಊರೆಲ್ಲ ಎಲ್ಲಿ ಹೇಳ್ತಾನೆ ಓಬಣ್ಣ?"

"ಆ ದಿನ ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗದೆ. ಕಡೇ ಕಲ್ಲು. ಮೂಲೆ ಕಲ್ಲು. ಎತ್ತಿ ಹಿಂಗೆ ಕೂರಿಸ್ದೆ, ಏಣಿ ಇಳಿದೆ, ಬೀಡಿ ಹಚ್ಚಿದೆ, ಟಕ್ ಅಂತ ಬಿತ್ತು ನೋಡು ಕಾಲ ತಾವ! ನೀಲಿ!"

ಮಾರಕ್ಕ ಹುರುಳಿಯಿಂದ ಕಣ್ಣು ಎತ್ತದೆಯೇ, "ಕಲ್ಲು ಕೂರಿಸ್ದಾಗ ಬೀಳ್ನಿಲ್ವಾ?" ಅಂದಳು.

"ಹೇಳಿದ್ನಲ್ಲೇ, ಇಳಿದು ಬೀಡಿ ಹಚ್ಚಿದ ಮ್ಯಾಲೆ."

"ಹಂಗಾರೆ ಬೀಡಿ ಹಚ್ಚಿದ್ದಕ್ಕೆ ಬಿತ್ತಾ ಮಣಿ?"

"ನಿನ್ನ ಬಾಯಿಗೆ..."

"ಅಲ್ಲ, ಕೇಳ್ತೀನಿ. ಕಲ್ಲು ಇಟ್ರೆ ಮುಗೀತಾ ಗೋಡೆ? ಸಂದಿಗೆ ಮಣ್ಣು ಮೆತ್ತಿ ಸವರ್ಬ್ಯಾಡ್ವಾ? ಸವರ್ದಿದ್ರೆ ಅದು ಅರ್ಧ ಗೋಡೆ. ಅರ್ಧಕ್ಕೆ ಮಣಿ ಬೀಳಲ್ಲ. ಯಾರು ಸವರಿದ್ದು?"

"ನೀನೇ ಸವರಿರ್ತೀಯ. ಇನ್ಯಾರು ಬತ್ತಿದ್ರು ನನ್ನ ಜತೆ?"

"ನಾನಾ? ಆ ವರ್ಸ ನಾನು ಬಸುರಿ, ತವರಲ್ಲಿ ಮಾವಿನಕಾಯಿ ಕಚ್ಕಂಡು ಕೂತಿದ್ದೆ! ನಿನ್ನ ಜತೆ ಮಣ್ಣು ಹೊತ್ತಿದ್ದು ದ್ಯಾವೀರಮ್ಮ."

ಓಬಯ್ಯನ ಕೈಯಲ್ಲಿ ಸುತ್ತುತ್ತಿದ್ದ ದಾರ ನಿಂತಿತು. ಅವನು ನಮ್ಮ ಕೊಟ್ಟಿಗೆಯ ಗೋಡೆಯ ಕಡೆ ನೋಡಿದ. ಆಮೇಲೆ ತೀರ ತಗ್ಗಿದ ದನಿಯಲ್ಲಿ, "ಏಣಿ ಮ್ಯಾಲೆ ಅವಳೇ ಇದ್ಲು. ನಾನಿಳಿದ ಮ್ಯಾಲೆ ಹತ್ತಿದ್ಲು" ಅಂದ. "ಮ್ಯಾಗಿಂದ ಬಿತ್ತು ಮಣಿ."

"ಪಾಪ, ಅವಳು ಸಂತೆ ದಿನ ಮಣ್ಣಿನ ಗುಂಡೀಲಿ ಜಾರಿ ಬಿದ್ದು ಸೊಂಟ ಹಿಡ್ಕಂಡು ಮಲಗವಳಂತೆ. ಒಂದು ಗಳಿಗೆ ಹೋಗಿ ನೋಡ್ಬೇಕು" ಅಂದಳು ಮಾರಕ್ಕ.

ಸಂತೆಯ ದಿನ. ಕೆಂದ ಮಂಡಿಯೂರಿದ್ದು ಅದರ ಮರುದಿನ. ಇರುವೆ ಮುತ್ತಿದ ಹಿಂಡಿ ನನ್ನ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ನಿಂತವಳ ತುಟಿ ಬಂತು. ಎಲೆಯಡಿಕೆ ಮೆಲ್ಲುವವರು ಉಗಿಯಲೂ ಬೇಕಲ್ಲ. ಅವಳು ಒಂದು ದಿನವೂ ನಮ್ಮ ಬಾಗಿಲಲ್ಲಿ ಉಗಿದವಳಲ್ಲ. ನಾನು ಎದ್ದು ನಿಂತೆ. ಓಬಯ್ಯ ಒಳಗೆ ಹೋಗಿ ಬಂದು ಮಣಿಯಿದ್ದ ಮುಷ್ಟಿ ಚಾಚಿದ. "ಇದು ನಂದೇ ಕಣವ್ವ. ಬಾವಿ ಕಟ್ಟೆ ಕಟ್ಟಿದಾಗ ಬಿದ್ದದ್ದು. ಆವತ್ತು ನಾನೊಬ್ನೇ ಇದ್ದೆ, ದೇವ್ರಾಣೆ" ಅಂದ. ನಗಬಾರದು, ಆದರೂ ಮಾರಕ್ಕನೂ ನಾನೂ ನಕ್ಕೆವು. ಅವನೂ ನಕ್ಕ. ಕಣ್ಣು ಮಾತ್ರ ಒದ್ದೆಯಿತ್ತು.

ಈಗ ನನ್ನ ಸೆರಗಿನಲ್ಲಿ ಮೂರು ನೀಲಿ ಮಣಿ. ನೆಟ್ಟಗೆ ಸಂಕಮ್ಮತ್ತೆಯ ಕೋಳಿಯ ಬಳಿ ಹೋಗಿದ್ದರೆ ಹೊಸ ಬೀಜಮಣಿಯಾಗುತ್ತಿತ್ತು, ಗಾಣ ತಿರುಗುತ್ತಿತ್ತು, ಕೆಂದ ಉಳಿಯುತ್ತಿದ್ದ. ಅದು ಹೊಳೆಯಲಿಲ್ಲವೆಂದು ಹೇಳಲಾರೆ. ಆದರೆ ಕಾಲು ಕುಂಬಾರಗೇರಿಯ ಕಡೆ ತಿರುಗಲಿಲ್ಲ, ಊರ ಹೊರಗಿನ ಮಣ್ಣಿನ ಗುಂಡಿಯ ಕಡೆಗೆ ನಡೆಯಿತು.

ದ್ಯಾವೀರಮ್ಮನ ಗುಡಿಸಲು ಒಬ್ಬರು ಮಲಗಿ ಒಬ್ಬರು ಕೂರುವಷ್ಟಿದೆ. ಆದರೆ ಅಂಥ ನುಣುಪಿನ ಗೋಡೆ ಊರಿನಲ್ಲಿ ಇನ್ನೊಂದಿಲ್ಲ, ಅಂಗೈಯಿಂದ ಸವರಿ ಸವರಿ ಹೊಳಪು ಬಂದಿತ್ತು. ಅವಳು ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ನನ್ನನ್ನು ಕಂಡವಳೇ ಬಾ ಅನ್ನಲಿಲ್ಲ, ಕೂತ್ಕೊ ಅನ್ನಲಿಲ್ಲ. "ಕೆಂದ ಹೆಂಗವನೆ?" ಅಂದಳು.

ನಾನು ಚಾಪೆಯ ಬಳಿ ಕೂತೆ. "ಮಂಡಿಯೂರ್ಬುಟ್ಟ ದೊಡ್ಡವ್ವ."

"ಅಯ್ಯೋ ನನ್ನಪ್ಪ." ಏಳಲು ಹೋಗಿ ಸೊಂಟ ಹಿಡಿದುಕೊಂಡಳು. "ಇಲ್ಲಿಂದ್ಲೇ ಕೂಗ್ದೆ ಕಣವ್ವ, ದಿನಾ ಕೂಗ್ದೆ. ಮಣಿಗೆ ಕೇಳಿಸ್ನಿಲ್ಲ ಅಂತ ಕಾಣ್ತದೆ. ಹೇಳಿ ಕಳಿಸಾನ ಅಂದ್ರೆ ಈ ಕಡೆ ಒಂದು ನರಪಿಳ್ಳೆ ಬರ್ನಿಲ್ಲ."

"ನಮ್ಮ ಬಾಗ್ಲಲ್ಲಿ ನಿಂತು ನಿನ್ನ ಹೆಸ್ರು ನೀನೇ ಹೇಳ್ಕತಿದ್ದಾ?"

ಅವಳು ಗೋಡೆಯ ಕಡೆ ಮುಖ ಮಾಡಿ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ, "ಹೂಂ" ಅಂದಳು.

"ಆವತ್ತೇ ಹೇಳ್ಬ್ಯಾಡ್ವಾ? ಕೊನೆಗೈ ನಂದು ಅಂತ?"

"ಹೆಂಗೆ ಹೇಳ್ಲವ್ವ? ಏಣಿ ಇಳಿಯೋದ್ರೊಳಗೆ ಓಬಯ್ಯ ಮಣಿ ಹಿಡ್ಕಂಡು ಮಗ ನಕ್ಕಂಗೆ ನಗ್ತಿದ್ದ. ನಿಮ್ಮಪ್ಪ ಅವನ್ನ ಅಪ್ಕಂಡು ನಿಂತಿದ್ದ. ಅಷ್ಟು ಚೆಂದಾಗಿದ್ರು ಇಬ್ರೂವೆ. ನಡುವೆ ಹೋಗಿ ನಂದು ಕೊಡಿ ಅನ್ಲಾ? ಕೊಟ್ರೂ ನಾನು ನಿಮ್ಮಪ್ಪಂಗೇ ಕೊಡ್ತಿದ್ದೆ. ಯಾರ ಕೈಲಿ ಹೋದ್ರೇನು ಅಂದ್ಕಂಡು ಸುಮ್ಕಾದೆ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು. "ಮಣಿ ಕೂರಿಸಿದ ದಿನ ಉಳಿದ ಮಣ್ಣು ಬಾಚಕ್ಕೆ ಬಂದಿದ್ದೆ. ನಿಮ್ಮಪ್ಪ ಹೆಸ್ರು ಕೂಗ್ತಾನೆ, ಗಾಣ ಏಳಲ್ಲ. ಆ ಎಳೇ ಎತ್ತು ನಾಲಗೆ ಚಾಚ್ಕಂಡು ಎಳೀತದೆ. ನಂಗೆ ತಡೀನಿಲ್ಲ. ಬಾಗ್ಲಲ್ಲಿ ನಿಂತು ದ್ಯಾವೀರಮ್ಮನ ಮನೇದು ಅಂದೆ, ಮೆಲ್ಲಗೆ. ಸರ್ ಅಂತ ತಿರುಗ್ತು. ಅವನು ನನ್ನ ಕಡೆ ಕಿವಿ ಆಡಿಸ್ದ ಕಣವ್ವ, ಕಣ್ಣಿಗೆ ಪಟ್ಟಿ ಇದ್ರೂವೆ. ಇನ್ನು ದಿನಾ ಹೋಗ್ದೆ ಹೆಂಗಿರ್ಲಿ? ಹಿಂಡಿ ಒಂದು ನೆವ."

"ಇಷ್ಟು ವರ್ಸ, ಮಳೆ ಚಳಿ ಅನ್ದೆ..."

"ನಂಗೇನೂ ನಷ್ಟ ಆಗ್ನಿಲ್ಲ. ಬೆಳ್ಗಾನೆ ಹೋಗಾಕೆ ಒಂದು ಮನೆ ಇತ್ತಲ್ಲ." ಹೀಗೆ ಹೇಳಿ ಅವಳು ನನ್ನ ಕೈ ಹಿಡಿದಳು. ಆ ಅಂಗೈ ಗಾರೆಯ ಹಾಗೆ ಒರಟು. ನಾನು ಅದನ್ನು ಹಣೆಗೆ ಒತ್ತಿಕೊಂಡೆ. ಏನಾದರೂ ಹೇಳಬೇಕಾಗಿತ್ತು. ನಮ್ಮಲ್ಲಿ ಇಂಥದ್ದಕ್ಕೆ ಮಾತಿಲ್ಲ, ಹೆಸರು ಕೂಗುವುದೊಂದೇ ಇರುವುದು. ಅದಕ್ಕೆ ಬೆಳಗಾಗಬೇಕು.

ಬೆಳಗಾಯಿತು. ಸುದ್ದಿ ಮಾರಕ್ಕನ ಬಾಯಿಂದ ಬೀದಿಯೆಲ್ಲ ಹರಡಿ ಕೊಟ್ಟಿಗೆಯ ಮುಂದೆ ಜನ ಕೂಡಿದ್ದರು. ಸಂಕಮ್ಮತ್ತೆ ಕೈಗೆ ಮಣ್ಣು ಮೆತ್ತಿಕೊಂಡೇ ಬಂದಿದ್ದಳು. ಅಪ್ಪಯ್ಯ ಕೆಂದನನ್ನು ಹಿಡಿದು ನಿಂತಿದ್ದ. ನಾನು ತೊಲೆಯ ಮೇಲೆ ಕೈಯಿಟ್ಟು, "ಸಂಕಮ್ಮನ ಮನೇದು!" ಅಂದೆ. "ನಡೀಲಿ" ಅಂದಳು ಅತ್ತೆ. ಆಮೇಲೆ ನನಗೆ ಎಷ್ಟು ದನಿ ಇದೆಯೋ ಅಷ್ಟನ್ನೂ ಹಾಕಿ, ಮಣ್ಣಿನ ಗುಂಡಿಯವರೆಗೂ ಮುಟ್ಟಲಿ ಅಂತ, "ದ್ಯಾವೀರಮ್ಮನ ಮನೇದು!" ಅಂತ ಕೂಗಿದೆ.

ಓಬಯ್ಯನಿ‍ಗೆ ರೂಢಿಯಲ್ಲವೆ, ಜನರ ನಡುವಿನಿಂದ "ನಡೀ" ಅಂದವನು ಬಾಯಿ ಮುಚ್ಚಿಕೊಂಡ. ಯಾರೂ ನಗಲಿಲ್ಲ. ಮಣಿಯ ನಡುವಿನಲ್ಲಿ ಮೊದಲು ಸೂಜಿಮೊನೆಯಷ್ಟು ನೀಲಿ ಕಂಡಿತು, ಆಮೇಲೆ ಪೂರ್ತಿ ಕುಳಿ ತುಂಬಿತು. ಕೆಂದ ತಲೆಯೆತ್ತಿ ಬಾಗಿಲ ಕಡೆ ಒಂದು ಸಲ ಕಿವಿ ನಿಮಿರಿಸಿ ಕಾದ. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ತಾನೇ ಹೆಜ್ಜೆ ಕಿತ್ತ. ಗಾಣ ತಿರುಗಿತು. ಅಪ್ಪಯ್ಯ ಅವನ ಪಕ್ಕದಲ್ಲೇ ಒಂದು ಸುತ್ತು ಕುಂಟುತ್ತ ನಡೆದು, ಎದುರು ಸಿಕ್ಕಿದ ಓಬಯ್ಯನ ಹೆಗಲು ಹಿಡಿದ. "ಅಂದಾನಣ್ಣ, ನಾನು ಬೇಕು ಅಂತ..." ಅಂದ ಓಬಯ್ಯ. "ಗೊತ್ತು ಸುಮ್ಕಿರಪ್ಪ. ನಿನ್ನ ಕೈಯಿಂದ ಬಂದದ್ದಂತೂ ನಿಜವೇ" ಅಂದ ಅಪ್ಪಯ್ಯ. ಆ ದಿನದ ಮೊದಲ ಎಣ್ಣೆಯನ್ನು ನಾವು ಅಳೆಯಲಿಲ್ಲ. ಬೆಚ್ಚಗೆ ಮಾಡಿ ಗಿಂಡಿಯಲ್ಲಿ ತೆಗೆದುಕೊಂಡು ಹೋಗಿ ಮಾರಕ್ಕನೂ ನಾನೂ ದ್ಯಾವೀರಮ್ಮನ ಸೊಂಟಕ್ಕೆ ನೀವಿದೆವು. ಗಾಣ ಇರುವವರೆಗೂ ಆ ಮನೆಗೆ ಎಣ್ಣೆ ಹೋಗುತ್ತದೆ ಅಂತ ಅಪ್ಪಯ್ಯ ಹೇಳಿ ಕಳಿಸಿದ್ದ. "ಹಚ್ಚಕ್ಕೆ ತಲೇಲಿ ಕೂದ್ಲೇ ಇಲ್ವಲ್ಲೇ" ಅಂತ ಅವಳು ನಕ್ಕಳು.

ಸೆರಗಿನಲ್ಲಿದ್ದ ಮೂರು ನೀಲಿ ಮಣಿಗಳನ್ನು ಆ ಮಧ್ಯಾಹ್ನವೇ ಕಪ್ಪು ಕೋಳಿಯ ಕೆಳಗೆ ಇಟ್ಟೆ. ಅದು ನನ್ನ ಮುಂಗೈಗೆ ಕುಕ್ಕಿದ ಗುರುತು ಇನ್ನೂ ಇದೆ. ಗಾಣಕ್ಕೆ ಬೇಡವಾದ ಮಣಿಯನ್ನು ಯಾಕೆ ಕೂಡಿಸುತ್ತೀಯ ಅಂತ ಯಾರೂ ಕೇಳಲಿಲ್ಲ. ಬಡಗಿ ಒಂದು ಊರುಗೋಲು ಮಾಡಿ ಅದರ ಹಿಡಿಯಲ್ಲಿ ಕುಳಿ ತೋಡಿಟ್ಟ. ನುಣುಪು ಮಾಡುವ ಕೆಲಸ ಓಬಯ್ಯ ತಾನೇ ಮಾಡುತ್ತೇನೆಂದು ಹಟ ಹಿಡಿದ. ಕಲ್ಲಿನವನಿಗೆ ಮರದ ಕೆಲಸವೇ ಅಂತ ಬಡಗಿ ಹಂಗಿಸಿದರೂ ಬಿಡಲಿಲ್ಲ. ಮರಿಗಳೆಲ್ಲ ಚೆನ್ನಾಗಿ ಒಡೆದವು. ಚಿಪ್ಪುಗಳ ನಡುವೆ ಹುಣಸೆಬೀಜದಷ್ಟು ನೀಲಿ, ಇನ್ನೂ ಬೆಚ್ಚಗೆ. ಆ ಸಂಜೆಯೇ ಅದು ಊರುಗೋಲಿನ ಕುಳಿಯಲ್ಲಿ ಕೂತಿತು.

ಮಾರನೇ ಬೆಳಿಗ್ಗೆ ನಾನು ಕೆಂದನಿಗೆ ಕಣ್ಣುಪಟ್ಟಿ ಕಟ್ಟುತ್ತಿದ್ದೆ. ಬೀದಿಯ ಆ ತುದಿಯಿಂದ ಒಂದು ಒಡಕು ದನಿ ಕೇಳಿತು. "ಚಿಕ್ತಾಯಿ ಮನೇದು! ಸಂಕಮ್ಮನ ಮನೇದು! ಓಬಯ್ಯನ ಮನೇದು!" ನಾನು "ನಡೀಲಿ" ಅಂದೆ. ಅತ್ತೆ ಕುಂಬಾರಗೇರಿಯಿಂದ ಅಂದಳು. ಓಬಯ್ಯ ಮಾತ್ರ ಹೊದಿಕೆ ಕಿತ್ತೊಗೆದು ಜಗಲಿಯ ಮೇಲೆ ಎದ್ದು ನಿಂತು ಊರಿಗೆಲ್ಲ ಕೇಳುವ ಹಾಗೆ "ನಡೀಲೀ!" ಅಂದ. ಮಾರಕ್ಕ ಒಳಗಿಂದ, "ಬೀದಿ ಕೂಸೆಲ್ಲ ಎದ್ದಾವು, ಮೆಲ್ಲಗೆ!" ಅಂತ ಗದರಿದಳು.

ಊರುಗೋಲಿನ ಸದ್ದು ಹತ್ತಿರ ಬಂತು. ದ್ಯಾವೀರಮ್ಮ ಎಂದಿನ ಜಾಗದಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೆಂದನ ಕಿವಿ ಅತ್ತ ತಿರುಗಿತು. ನಾನು ತೊಲೆಯ ಮೇಲೆ ಕೈಯಿಟ್ಟು ಸಂಕಮ್ಮನ ಹೆಸರು ಕೂಗಿ, ಅವಳ ಮುಖ ನೋಡುತ್ತ "ದ್ಯಾವೀರಮ್ಮನ ಮನೇದು!" ಅಂದೆ. ನನ್ನ ದನಿಯ ಜೊತೆಗೇ ಅವಳ ತುಟಿಯೂ ಆಡಿತು. ಅಷ್ಟು ವರ್ಷದ ರೂಢಿ, "ದ್ಯಾವೀರಮ್ಮನ ಮನೇದು" ಅಂತ ತಾನೂ ಅಂದುಬಿಟ್ಟಿದ್ದಳು. ಅಂದವಳೇ ನಾಲಗೆ ಕಚ್ಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿದಳು. ಅಪ್ಪಯ್ಯ, "ಅದಲ್ಲ ಕಣಮ್ಮ, ನೀನು ಅನ್ನಬೇಕಾದ್ದು ಇನ್ನೊಂದು" ಅಂದ.

ಅವಳು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಮ್ಮೆ ಗಂಟಲು ಸರಿಮಾಡಿಕೊಂಡಳು. ಆ ಮಾತು ಅವಳ ಬಾಯಿಗೆ ಹೊಸದು.

"ನಡೀಲಿ" ಅಂದಳು.

ಕೆಂದ ಹೆಜ್ಜೆ ಕಿತ್ತ. ಗಾಣ ಒಂದು ಸುತ್ತು ಬರುವವರೆಗೂ ಅವಳು ನೋಡುತ್ತ ನಿಂತು, ಆಮೇಲೆ ಎಂದಿನ ಹಾಗೆ ಗೂಡಿನ ಕಡೆ ತಿರುಗಿ ಮಡಿಲು ಒಡ್ಡಿದಳು.